ಇಪ್ಪತ್ತರ ಆಚೆಗಿನ ಹೆಸರುಗಳು

ಮಾಳಕೊಪ್ಪ
೯ ಸೆಪ್ಟೆಂಬರ್ ೨೦೨೪

ನಂದಾಳಿಗೆ,

ಮೂರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಸ್ನೇಹದ ಪತ್ರ ಎಂದುಕೊಳ್ಳಬೇಡ. ನಿನ್ನ ಫೋನ್ ನಂಬರನ್ನು ಅವತ್ತೇ ಅಳಿಸಿದ್ದೆ, ಇನ್ನೊಬ್ಬರನ್ನು ಕೇಳಿ ಪಡೆಯುವ ಮನಸ್ಸಾಗಲಿಲ್ಲ. ನಿಮ್ಮ ಕಂಪನಿಯ ಹುಬ್ಬಳ್ಳಿ ವಿಳಾಸ ನನ್ನ ದೂರುಗಳಿಗೆ ಬಂದ ಉತ್ತರದ ಕೆಳಗಿತ್ತು. ಅಲ್ಲಿಗೇ ಕಳಿಸುತ್ತಿದ್ದೇನೆ.

ನಮ್ಮೂರ ಸೊಸೈಟಿಯಲ್ಲಿ ಈಗ ನಾನೇ ಕಂಪ್ಯೂಟರ್ ಆಪರೇಟರ್. ನಿಮ್ಮ ಮನೆಯವರು ಹೇಳಿರಬಹುದು, ಹೇಳದೆಯೂ ಇರಬಹುದು. ಈ ಸಲ ಬೆಂಬಲ ಬೆಲೆಗೆ ಹೆಸರುಕಾಳು ಕೊಳ್ಳುವ ಕೇಂದ್ರ ನಮ್ಮಲ್ಲಿಯೇ ಆಗಿದೆ. ಸುತ್ತಲ ಹಳ್ಳಿಗಳಿಂದ ೨,೩೧೧ ರೈತರು ಟೋಕನ್ ತೆಗೆದುಕೊಂಡಿದ್ದಾರೆ. ಪಾಳಿ ಬಂದ ದಿನ ಕಾಳು ತಂದು ತೂಗಿಸಬೇಕು. ದಿನಕ್ಕೆ ಐವತ್ತು ಜನರದ್ದು ತೂಗಿದರೆ ಹೆಚ್ಚು.

ಆ ಪಾಳಿ ನಡೆಸುವ ತಂತ್ರಾಂಶ ನಿಮ್ಮ ಕಂಪನಿಯದು. ಬರೆದವಳು ನೀನೇ ಎಂದು ನನಗೆ ಯಾರೂ ಹೇಳಲಿಲ್ಲ. ಪುಟ ತೆರೆಯುವುದು ತಡವಾದರೆ ಪರದೆಯ ಮೇಲೆ "ಸ್ವಲ್ಪ ತಡ್ಕೋರಿ" ಎಂದು ಬರುತ್ತದೆ. ಬೇರೆ ಯಾರೇ ಆಗಿದ್ದರೂ "ದಯವಿಟ್ಟು ನಿರೀಕ್ಷಿಸಿ" ಎಂದು ಬರೆಯುತ್ತಿದ್ದರು. ಧಾರವಾಡದ ಹಾಸ್ಟೆಲ್ಲಿನಲ್ಲಿ ಬಚ್ಚಲದ ಬಾಗಿಲು ಬಡಿದರೆ ನೀನು ಒಳಗಿನಿಂದ ಕೂಗುತ್ತಿದ್ದದ್ದು ಇದೇ ಮಾತು.

ಈ ತಿಂಗಳ ಎರಡನೇ ತಾರೀಖು ಹೊಸ ಆವೃತ್ತಿ ಹಾಕಿದಿರಿ. ಅಲ್ಲಿಯವರೆಗೆ ಪಾಳಿಯಲ್ಲಿ ಇರುವವರ ಹೆಸರೆಲ್ಲ ಕಾಣುತ್ತಿತ್ತು. ಈಗ ಮೊದಲಿನ ಇಪ್ಪತ್ತು ಹೆಸರು ಮಾತ್ರ. ಕೆಳಗೆ "ಇನ್ನೂ ೨,೦೮೬ ಜನ ಇದ್ದಾರೆ" ಎಂದು ಒಂದು ಸಾಲು. ಆ ೨,೦೮೬ ಜನರಲ್ಲಿ ತಾನು ಎಲ್ಲಿದ್ದೇನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ್ದಕ್ಕೆ ಎಂಟು ದಿನ ಮೊದಲೇ ಟ್ರೇಲರ್ ತುಂಬಿಕೊಂಡು ಬಂದು ನಿಲ್ಲುತ್ತಾರೆ. ಗೋದಾಮಿನಿಂದ ಕೆರೆಯ ಏರಿಯವರೆಗೆ ಟ್ರ್ಯಾಕ್ಟರುಗಳು. ಮಳೆ ಬಂದರೆ ತಾಡಪಾಲು ಹಿಡಿದುಕೊಂಡು ಹೆಣ್ಣುಮಕ್ಕಳು ಚೀಲಗಳ ಮೇಲೆ ಕೂರುತ್ತಾರೆ.

ನಮಗೆ ಬಳೆ ತೊಡಿಸುತ್ತಿದ್ದ ಖಾದರಬಿ ನೆನಪಿದ್ದಾಳಲ್ಲ. ಅವಳದು ೧,೮೪೦ನೇ ಟೋಕನ್. ದಿನಾ ಬಂದು ಕಿಟಕಿಯಲ್ಲಿ ಕೇಳುತ್ತಾಳೆ: "ಬೇಟೀ, ನನ್ನ ನಂಬರ ಎಷ್ಟಕ್ಕ ಬಂತು?" ನಾನು ಪರದೆ ನೋಡಿ "ಇನ್ನೂ ಕಾಣವಲ್ದು ಬೀ" ಎನ್ನುತ್ತೇನೆ. "ಹಂಗಾರ ನಾ ಅದರಾಗ ಅದೀನೋ ಇಲ್ಲೋ?" ಎಂದು ಕೇಳಿದಳು ನಿನ್ನೆ.

ಪೂರ್ತಿ ಪಟ್ಟಿ ಮತ್ತೆ ಕಾಣಬೇಕು. ಮೂರು ಸಲ ದೂರು ಹಾಕಿದೆ. ಮೂರು ಸಲವೂ "ವ್ಯವಸ್ಥೆ ಸರಿಯಾಗಿದೆ" ಎಂದು ಮುಚ್ಚಿದಿರಿ. ಈ ಪತ್ರವನ್ನು ಹಾಗೆ ಮುಚ್ಚಲು ಬರುವುದಿಲ್ಲ.

ಇಂತು,
ದುರ್ಗಾ ಉಡಚಪ್ಪ, ಆಪರೇಟರ್

*

ಹುಬ್ಬಳ್ಳಿ
೧೭ ಸೆಪ್ಟೆಂಬರ್ ೨೦೨೪

ದುರ್ಗಾ,

ಪತ್ರ ಮುಟ್ಟಿತು. ಇನ್ನು ಮುಂದೆ ಕಂಪನಿಗೆ ಬರೆಯಬೇಡ, ಅಲ್ಲಿ ಎಲ್ಲ ಅಂಚೆಯನ್ನೂ ಒಡೆದು ನೋಡುತ್ತಾರೆ. ನನ್ನ ಕೋಣೆಯ ವಿಳಾಸ ಲಕೋಟೆಯ ಹಿಂದಿದೆ. ಕೇಂದ್ರದವರೊಂದಿಗೆ ಫೋನಿನಲ್ಲಿ ಮಾತಾಡಬಾರದು ಎಂಬ ನಿಯಮವೂ ಇದೆ.

ನೀನು ಬರೆದದ್ದು ಓದಿದರೆ ನಾನು ಸುಮ್ಮನೆ ಕುಳಿತು ಜನರ ಹೆಸರು ಮುಚ್ಚಿಟ್ಟಂತಿದೆ. ಆಗಸ್ಟ್ ೩೧ರಂದು ಏನಾಯಿತು ಎಂದು ನಿನಗೆ ಗೊತ್ತು, ಆದರೆ ಯಾಕಾಯಿತು ಎಂದು ಗೊತ್ತಿಲ್ಲ. ಹನ್ನೆರಡು ಕೇಂದ್ರಗಳು ಒಂದೇ ಸರ್ವರಿನ ಮೇಲಿವೆ. ಪ್ರತಿ ಕೇಂದ್ರದ ಪರದೆಯೂ ಹತ್ತು ಸೆಕೆಂಡಿಗೊಮ್ಮೆ ಎರಡು ಸಾವಿರ ಹೆಸರು ಕೇಳುತ್ತಿತ್ತು. ಅಷ್ಟರ ಮೇಲೆ ರೈತರು ತಮ್ಮ ತಮ್ಮ ಫೋನಿನಲ್ಲಿ ತೆರೆಯುತ್ತಿದ್ದರು. ಅವತ್ತು ಹನ್ನೊಂದು ಗಂಟೆಗೆ ಸರ್ವರ್ ಕುಳಿತುಬಿಟ್ಟಿತು. ಎರಡೂವರೆ ತಾಸು ಹನ್ನೆರಡೂ ಕಡೆ ಒಂದು ಚೀಲ ತೂಗಲಿಲ್ಲ. ಎರಡು ಕೇಂದ್ರಗಳಲ್ಲಿ ತೂಕದ ಕಾಟಾದ ಮುಂದೆ ಬಿಚ್ಚಿಟ್ಟ ಕಾಳು ಮಳೆಗೆ ಸಿಕ್ಕಿತು. ಅದರ ಫೋಟೋ ನನಗೆ ಕಳಿಸಿದರು. ಹಳದಿ ನೀರಿನಲ್ಲಿ ಹಸಿರು ಕಾಳು ತೇಲುತ್ತಿತ್ತು.

ಪಾಳಿಯನ್ನು ಪಟ್ಟಿ ಮಾಡಿ ತೋರಿಸುವುದು ನೀನು ತಿಳಿದಷ್ಟು ಹಗುರ ಕೆಲಸವಲ್ಲ. ಕಾಲೇಜಿನಲ್ಲಿ ನಾವು ಮಾಡಿದ ಪ್ರಾಜೆಕ್ಟಿನಲ್ಲಿ ನಲವತ್ತು ಹೆಸರಿದ್ದವು, ಆಗ ಏನು ಮಾಡಿದರೂ ನಡೆಯಿತು. ಇಲ್ಲಿ ಓದುತ್ತಿರುವಾಗಲೇ ಮುಂದಿನವರು ತೂಗಿಸಿ ಹೋಗಿರುತ್ತಾರೆ, ಹಿಂದೆ ಹೊಸಬರು ಸೇರಿರುತ್ತಾರೆ. ಪುಟ ತಿರುಗಿಸುವಷ್ಟರಲ್ಲಿ ಒಬ್ಬರ ಹೆಸರು ಎರಡು ಸಲ ಬರುತ್ತದೆ, ಇನ್ನೊಬ್ಬರದು ಬಿಟ್ಟುಹೋಗುತ್ತದೆ. ಎಷ್ಟು ಜನ ಉಳಿದರು ಎಂದು ಪ್ರತಿ ಸಲ ಎಣಿಸುವುದೂ ಭಾರ. ಆದ್ದರಿಂದ ಇಪ್ಪತ್ತಕ್ಕೆ ಕಡಿದೆ. ಈಗ ಪುಟ ಎರಡು ಸೆಕೆಂಡಿಗೆ ಬರುತ್ತದೆ, ಕಾಟಾ ನಿಂತಿಲ್ಲ. ನನಗೆ ಕಾಟಾ ಮುಖ್ಯ.

ಖಾದರಬಿಯ ಟೋಕನ್ ನಂಬರ್ ಹಾಕಿ ಹುಡುಕು. "ಕಾಯುತ್ತಿದೆ" ಎಂದು ಬರುತ್ತದೆ. ಅವಳು ಪಾಳಿಯಲ್ಲಿದ್ದಾಳೆ ಎಂದು ಧೈರ್ಯವಾಗಿ ಹೇಳು.

ನಂದಾ

*

ಮಾಳಕೊಪ್ಪ
೨೫ ಸೆಪ್ಟೆಂಬರ್ ೨೦೨೪

ನಂದಾ,

"ಕಾಯುತ್ತಿದೆ" ಎಂದು ಖಾದರಬಿಗೆ ಹೇಳಿದೆ. "ಅದು ನನಗ ಗೊತ್ತೈತಲ್ಲ, ನಾನಽ ಕಾಯಾಕತ್ತೇನಿ" ಎಂದಳು.

ನೀನು ಹುಡುಕು ಎಂದದ್ದಕ್ಕೆ ಹುಡುಕಿದೆ. ಒಂದು ನಂಬರ್ ಅಲ್ಲ. ಬೆಳಿಗ್ಗೆ ಆರಕ್ಕೆ ಬಂದು ಬೀಗ ತೆಗೆದು, ಒಂದೊಂದೇ ನಂಬರ್ ಹಾಕಿ, ಬಂದದ್ದನ್ನು ದೊಡ್ಡ ಹಾಳೆಯ ಮೇಲೆ ಬರೆಯತೊಡಗಿದೆ. ಅವ್ವ ಕಸ ಹೊಡೆಯಲು ಬರುತ್ತಾಳಲ್ಲ, ಅವಳು ನಂಬರ್ ಓದಿ ಹೇಳುತ್ತಾಳೆ, ನಾನು ಒತ್ತುತ್ತೇನೆ. ಅವಳು ಸಾಕ್ಷರತಾ ಶಾಲೆಯಲ್ಲಿ ಕಲಿತ ಅಂಕಿಗಳು ಈಗ ಕೆಲಸಕ್ಕೆ ಬಂದಿವೆ. ಕೇಂದ್ರ ತೆರೆಯುವಷ್ಟರಲ್ಲಿ ಮುನ್ನೂರು ಹೆಸರು ಆಗುತ್ತವೆ. ಯಾರದು ಆಗಿದೆ, ಯಾರದು ಆಗಿಲ್ಲ, ಮುಂದೆ ಎಷ್ಟು ಜನ ಇದ್ದಾರೆ ಎಂದು ಗೋಡೆಗೆ ಹಚ್ಚಿದೆ. ಮೊದಲ ದಿನವೇ ಇಪ್ಪತ್ತಾರು ಟ್ರ್ಯಾಕ್ಟರುಗಳು ಊರಿಗೆ ತಿರುಗಿದವು. ಪಾಳಿ ಮುಂದಿನ ವಾರ ಎಂದು ಕಣ್ಣಿಗೆ ಕಂಡಮೇಲೆ ಇಲ್ಲಿ ಮಳೆಯಲ್ಲಿ ಕೂರಲು ಯಾರಿಗೂ ಹುಚ್ಚು ಹಿಡಿದಿಲ್ಲ.

ಎರಡನೇ ದಿನ ನಿಮ್ಮ ಸುಭಾಸ ಕಾಕಾ ಬಂದರು. ಈಗ ಅವರು ಸೊಸೈಟಿಯ ನಿರ್ದೇಶಕರು.

"ಏನ ಹಚ್ಚೀಯವಾ ಇದು?"

"ಪಾಳಿ ಪಟ್ಟಿ ರೀ."

"ಯಾರ ಹೇಳ್ಯಾರ ನಿನಗ?"

"ದಿನಾ ಕಿಡಕ್ಯಾಗ ನಿಂತ ಕೇಳವರು ಹೇಳ್ಯಾರ್ರಿ."

"ಕಂಪ್ಯೂಟರ್ ಐತಿ. ಅದರಾಗ ಬಂದದ್ದಷ್ಟಽ ಖರೇ. ಕೈಲೆ ಬರದದ್ದು ಇಲ್ಲಿ ನಡ್ಯೂದಿಲ್ಲ."

"ಕಂಪ್ಯೂಟರಿನ್ಯಾಗಿಂದಽ ನೋಡಿ ಬರದೇನ್ರಿ. ತಪ್ಪಿದ್ರ ತೋರಸ್ರಿ."

ತೋರಿಸಲಿಲ್ಲ. ಹಾಳೆಯನ್ನು ನಡುವಿಗೆ ಹರಿದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಮರುದಿನ ಮತ್ತೆ ಬರೆದೆ. ಗೋಡೆ ಸೊಸೈಟಿಯದು ಎಂದು ತಾನೇ ತಕರಾರು. ಯಲ್ಲೇಶ ಎಂಬ ರೈತ ತನ್ನ ಟ್ರೇಲರಿನ ಬಾಗಿಲು ತೋರಿಸಿ "ಇದು ನಂದು, ಹಚ್ಚಕ್ಕಾ" ಎಂದ. ಅಲ್ಲಿ ಹಚ್ಚಿದೆ. ಅವನ ಪಾಳಿ ಮುಗಿದ ಮೇಲೂ ಖಾಲಿ ಟ್ರೇಲರನ್ನು ಅಲ್ಲಿಯೇ ಬಿಟ್ಟು ಹೋಗಿದ್ದಾನೆ.

ಇನ್ನೊಂದು ವಿಷಯ. ಹೀಗೆ ಒಂದೊಂದೇ ಹುಡುಕುವಾಗ ೧,೧೪೦ನೇ ಟೋಕನ್ "ತೂಕವಾಗಿದೆ" ಎಂದು ಬಂತು. ಅವತ್ತು ಪಾಳಿ ಇದ್ದದ್ದು ೯೦೦ರ ಹತ್ತಿರ. ಮುಂದೆ ನೋಡಿದರೆ ೧,೪೦೨, ೧,೭೭೮. ಇಂಥವು ಏಳು ಸಿಕ್ಕವು. ಅವರ ಮನೆತನದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಹತ್ತಿರ ಯಂತ್ರ ಇದೆ, ನೀನೇ ನೋಡು.

ದುರ್ಗಾ

*

ಹುಬ್ಬಳ್ಳಿ
೩ ಅಕ್ಟೋಬರ್ ೨೦೨೪

ದುರ್ಗಾ,

ನೋಡಿದೆ. ಏಳಲ್ಲ, ಮೂವತ್ತೊಂದು.

ಕಾಳು ನೆನೆದು ಕೆಡುವ ಹಾಗಿದ್ದರೆ ಅಂಥವರನ್ನು ಮುಂದೆ ತರಲಿ ಎಂದು "ತುರ್ತು" ಎಂಬ ಒಂದು ಗುಂಡಿ ಇಟ್ಟಿದ್ದೆ. ಅದನ್ನು ಒತ್ತುವ ಅಧಿಕಾರ ನಿರ್ದೇಶಕರಿಗೆ ಮಾತ್ರ. ನಿಮ್ಮ ಕೇಂದ್ರದಲ್ಲಿ ಪೂರ್ತಿ ಪಟ್ಟಿ ಕಾಣುತ್ತಿದ್ದಷ್ಟು ದಿನ ಅದನ್ನು ಯಾರೂ ಮುಟ್ಟಿಲ್ಲ. ಸೆಪ್ಟೆಂಬರ್ ೪ರಿಂದ, ಅಂದರೆ ನಾನು ಇಪ್ಪತ್ತಕ್ಕೆ ಕಡಿದ ಎರಡು ದಿನಕ್ಕೆ, ಶುರುವಾಗಿದೆ. ಮೂವತ್ತೊಂದಕ್ಕೂ ಕಾರಣ "ಹಸಿ ಕಾಳು" ಎಂದಿದೆ. ಇವರಲ್ಲಿ ತೂಕವಾದವರದ್ದು ಯಂತ್ರ ಅಳೆದ ತೇವ ಮಾತ್ರ ಉಳಿದವರಷ್ಟೇ ಇದೆ. ಒತ್ತಿದವರ ಹೆಸರೂ ದಾಖಲಾಗಿದೆ. ಅದು ಕಾಕಾನದೇ. ನನ್ನ ಸೋದರಮಾವನ ಟೋಕನ್ನೂ ಅದರಲ್ಲಿದೆ.

ಈ ವಾರ ಹೊಸ ರೀತಿಯಲ್ಲಿ ಪಟ್ಟಿ ಬರೆದು ನೋಡಿದೆ. ನಡೆಯುತ್ತಿರುವ ಪಾಳಿಯನ್ನು ಯಾರೂ ನೇರವಾಗಿ ಕೇಳುವಂತಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಪಾಳಿಯ ಒಂದು ನಕಲು ತಾನೇ ಆಗುತ್ತದೆ, ಎಲ್ಲರೂ ಆ ನಕಲನ್ನೇ ನೋಡುತ್ತಾರೆ. ಐವತ್ತೈವತ್ತು ಹೆಸರಿನ ಪುಟಗಳು. ಇಂಥ ಟೋಕನ್ನಿನ ನಂತರದ ಐವತ್ತು ಎಂದು ಕೇಳುವುದರಿಂದ ಯಾರ ಹೆಸರೂ ಬಿಡುವುದಿಲ್ಲ. ಮೇಲೆ "ಇದು ೧೦.೧೫ರ ಪಟ್ಟಿ" ಎಂದು ಹೊತ್ತು ಬರೆದಿರುತ್ತದೆ. ಹದಿನೈದು ನಿಮಿಷ ಹಳೆಯದು, ಆದರೆ ಪೂರ್ತಿ. ಪಾಳಿ ಮೀರಿ ಮುಂದೆ ಬಂದವರ ಹೆಸರಿನ ಎದುರು ಅವರನ್ನು ಯಾರು ತಂದರು, ಏನು ಕಾರಣ ಎಂಬುದೂ ಕಾಣುತ್ತದೆ. ಇಪ್ಪತ್ತೈದು ಸಾವಿರ ಸುಳ್ಳು ಹೆಸರು ಹಾಕಿ ಪರೀಕ್ಷೆ ಮಾಡಿದೆ, ಎರಡು ಸೆಕೆಂಡು ದಾಟಲಿಲ್ಲ. ಇದನ್ನು ಆಗಸ್ಟಿನಲ್ಲಿಯೇ ಮಾಡಬಹುದಿತ್ತು. ಕಡಿಯುವುದು ಸುಲಭವಾಗಿತ್ತು, ಕಡಿದೆ.

ನಮ್ಮ ಮ್ಯಾನೇಜರ್ ಹೇಮಂತ ಅವರಿಗೆ ತೋರಿಸಿದೆ. "ಕರಾರಿನ್ಯಾಗ ಪುಟ ಮೂರು ಸೆಕೆಂಡಿಗೆ ಬರಬೇಕು ಅಂತೈತಿ. ಎಷ್ಟು ಹೆಸರು ಕಾಣಬೇಕು ಅಂತಿಲ್ಲ. ಹಂಗಾಮು ಮುಗೀಲಿ, ನೋಡೂಣು" ಎಂದರು.

ಇನ್ನೊಂದು ಮಾತು ಬರೆದಿದ್ದೆ. ಹರಿದು ಹಾಕಿ ಈ ಹಾಳೆ ತೆಗೆದುಕೊಂಡೆ.

ನಂದಾ

*

ಮಾಳಕೊಪ್ಪ
೮ ಅಕ್ಟೋಬರ್ ೨೦೨೪

ನಂದಾ,

ನೀನು ಹರಿದು ಹಾಕಿದ ಮಾತು ಯಾವುದು ಎಂದು ನನಗೆ ಗೊತ್ತು. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ.

ಬಸುರಿಯಾಗಿದ್ದ ನಿಮ್ಮ ಅಕ್ಕ ಮಹಾನಂದಾಳ ಕುಬಸದ ದಿನ. "ಹಾಸ್ಟೆಲ್ಲಿನ್ಯಾಗ ಒಂದಽ ತಾಟಿನ್ಯಾಗ ಉಣ್ತೇವಿ, ಮನೀಗಿ ಬರಾಕ ಏನವಾ ನಿನಗ?" ಎಂದು ಕರೆದವಳು ನೀನು. ಹೆಣ್ಣುಮಕ್ಕಳ ಪಂಕ್ತಿಯಲ್ಲಿ ಕುಳಿತಿದ್ದೆ. ಎಲೆ ಹಾಕಿ ಆಗಿತ್ತು. ಸುಭಾಸ ಕಾಕಾ ಬಂದು, "ನೀ ಏಳವಾ, ನಿಮ್ಮ ಓಣ್ಯಾವರಿಗೆ ಹಿತ್ತಲದಾಗ ಹಾಕ್ತಾರ" ಎಂದರು. ನಾನು ಏಳುವಾಗ ನೀನು ಎರಡು ಹೆಜ್ಜೆ ದೂರದಲ್ಲಿ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದೆ. ನನ್ನನ್ನು ನೋಡಿದೆ. ಆಮೇಲೆ ಪಕ್ಕದವಳಿಗೆ ಹೋಳಿಗೆ ಬಡಿಸಿದೆ. ಸಂಜೆ ನೀನೇ ಫೋನ್ ಮಾಡಿ "ಅದನ್ನ ಅಷ್ಟ್ಯಾಕ ದೊಡ್ಡದ ಮಾಡ್ತಿ" ಎಂದೆ.

ನಾನು ಹಿತ್ತಲಿಗೆ ಹೋಗಲಿಲ್ಲ, ಮನೆಗೆ ಹೋದೆ. ಅವತ್ತು ಅವ್ವ ರೊಟ್ಟಿ ಬಡಿದು ಕೊಟ್ಟಳು.

ಕ್ಷಮೆ ಕೇಳಬೇಡ. ಅದರಿಂದ ನಿನಗೆ ಹಗುರಾಗುತ್ತದೆ, ನನಗೆ ಏನೂ ಆಗುವುದಿಲ್ಲ. ಮಾಡಿಟ್ಟ ಪಟ್ಟಿಯನ್ನು ತೆರೆ.

ಇಲ್ಲಿಯ ಸಂಗತಿ. ೧೬ರಿಂದ ಕೆಲಸಕ್ಕೆ ಬರಬೇಡ ಎಂದು ನೋಟಿಸು ಕೊಟ್ಟಿದ್ದಾರೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ಕಾರ್ಯದರ್ಶಿ ಒಕ್ಕಣೆಯನ್ನೂ ತಾವೇ ಸಿದ್ಧ ಮಾಡಿ ತಂದಿದ್ದರು: "ಅನಧಿಕೃತ ಪಟ್ಟಿ ಪ್ರಕಟಿಸಿ ರೈತರನ್ನು ದಾರಿ ತಪ್ಪಿಸಿದ್ದೇನೆ." ನಾನು ಪೆನ್ನು ತೆಗೆದುಕೊಂಡು "ತಪ್ಪಿಸಿದ್ದೇನೆ" ಎಂಬುದನ್ನು ಹೊಡೆದು "ತಪ್ಪಿಸಿಲ್ಲ" ಎಂದು ಮಾಡಿ ಸಹಿ ಹಾಕಿದೆ. ಅವರಿಗೆ ಅದು ಸಾಲಲಿಲ್ಲ.

ನಾಲ್ಕು ದಿನದಿಂದ ಮಳೆ. ಖಾದರಬಿಯ ಮನೆ ಸೋರಿ ಒಂದು ಚೀಲದ ಮೂಲೆಯಲ್ಲಿ ಕಾಳು ಮೊಳಕೆ ಒಡೆದಿದೆ. ಅದಕ್ಕೆ ಯಾರೂ "ತುರ್ತು" ಒತ್ತಲಿಲ್ಲ.

ದುರ್ಗಾ

*

ಹುಬ್ಬಳ್ಳಿ
೧೫ ಅಕ್ಟೋಬರ್ ೨೦೨೪

ದುರ್ಗಾ,

ಈ ಪತ್ರ ಮುಟ್ಟುವ ಮೊದಲೇ ನೀನು ನೋಡಿರುತ್ತಿ. ನಿನ್ನೆ ಬೆಳಿಗ್ಗೆ ಏಳೂವರೆಗೆ ಹನ್ನೆರಡೂ ಕೇಂದ್ರಗಳಿಗೆ ಹೊಸ ಪಟ್ಟಿ ಹಾಕಿದೆ. ಮಾಳಕೊಪ್ಪಕ್ಕೆ ಮಾತ್ರ ಹಾಕಬಹುದಿತ್ತು. ಹಾಗೆ ಹಾಕಿದ್ದರೆ ನಿನ್ನ ಸಲುವಾಗಿ ಮಾಡಿದಂತೆ ಆಗುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಒಂಬತ್ತಕ್ಕೆ ಕೇಂದ್ರಗಳು ತೆರೆದವು. ನನ್ನ ಕಣ್ಣು ಒಂದೇ ಗೆರೆಯ ಮೇಲಿತ್ತು: ಪುಟ ಬರಲು ಎಷ್ಟು ಸೆಕೆಂಡು. ಎರಡು, ಎರಡು, ಒಂದೂವರೆ. ಒಂಬತ್ತೂ ಇಪ್ಪತ್ತಕ್ಕೆ ಹನ್ನೊಂದು ಸೆಕೆಂಡಿಗೆ ಏರಿತು. ಪೂರ್ತಿ ಪಟ್ಟಿ ಬಂದಿದೆ ಎಂದು ಸುದ್ದಿ ಹಬ್ಬಿ ಊರೂರಿನವರು ಒಮ್ಮೆಲೇ ಫೋನು ತೆರೆದಿದ್ದರು. ಮತ್ತೆ ಇಪ್ಪತ್ತಕ್ಕೆ ಕಡಿಯುವ ಸಾಲನ್ನು ಬರೆದು ಬೆರಳು ಅದರ ಮೇಲೆಯೇ ಇಟ್ಟಿದ್ದೆ. ಒತ್ತಲಿಲ್ಲ. ಹದಿನೈದು ನಿಮಿಷಕ್ಕೆ ಆಗುತ್ತಿದ್ದ ನಕಲನ್ನು ಅರ್ಧ ತಾಸಿಗೊಮ್ಮೆ ಮಾಡಿದೆ. ಒಬ್ಬರಿಗೆ ಒಮ್ಮೆ ಕೊಟ್ಟ ಪುಟವನ್ನೇ ಎಲ್ಲರಿಗೂ ಕೊಡುವಂತೆ ಇಟ್ಟೆ. ಹತ್ತು ಗಂಟೆಗೆ ಎರಡು ಸೆಕೆಂಡಿಗೆ ಇಳಿಯಿತು. ಎಲ್ಲಿಯೂ ಕಾಟಾ ನಿಲ್ಲಲಿಲ್ಲ.

ಹೇಮಂತ ಬಂದರು.

"ಯಾರನ್ನ ಕೇಳಿ ಹಾಕಿದಿ?"

"ಯಾರನ್ನೂ ಕೇಳಿಲ್ರಿ."

"ಬಿದ್ದಿದ್ರ ಏನ ಮಾಡ್ತಿದ್ದಿ?"

"ಬಿದ್ದಿಲ್ಲಲ್ರಿ, ನೋಡ್ರಿ."

"ಹಳೇದು ಹಾಕು."

"ನಾ ಹಾಕೂದಿಲ್ರಿ. ನೀವಽ ಹಾಕ್ರಿ. ಹಾಕೂಕಿಂತ ಮೊದಲ ಹನ್ನೆರಡೂ ಕೇಂದ್ರಕ್ಕ ಫೋನ್ ಮಾಡಿ, ಪಟ್ಟಿ ತಗೀತೇವಿ ಅಂತ ಹೇಳ್ರಿ."

ಅವರು ಪರದೆ ನೋಡಿ ತಮ್ಮ ಕೋಣೆಗೆ ಹೋದರು. ಹಳೆಯದನ್ನು ಹಾಕಲಿಲ್ಲ.

ಮಧ್ಯಾಹ್ನ ಕಾಕಾ ಫೋನ್ ಮಾಡಿದರು. "ನಂದಾ, ಇದು ನಿನ್ನ ಕೆಲಸೇನು?" ಹೌದ್ರಿ ಕಾಕಾ ಎಂದೆ. "ಮಂದ್ಯಾಗ ಮನೀ ಮಾನಾ ತಗದಿ" ಎಂದರು. "ನಾ ಏನೂ ಸೇರಸಿಲ್ರಿ ಕಾಕಾ. ನೀವು ಬರದದ್ದಽ ಕಾಣಾಕತ್ತೈತಿ" ಎಂದೆ. ಆಮೇಲೆ ಅಪ್ಪ ಫೋನ್ ತೆಗೆದುಕೊಂಡು, ದೀಪಾವಳಿಗೆ ಊರಿಗೆ ಬರಬೇಡ ಎಂದರು.

ಕುಬಸದ ದಿನ ನಾನು ನೋಡಿದ್ದೆ. ಏನು ನಡೆಯುತ್ತಿದೆ ಎಂದು ತಿಳಿದೇ ಬುಟ್ಟಿಯನ್ನು ಮುಂದಕ್ಕೆ ಒಯ್ದೆ. ಕ್ಷಮೆ ಕೇಳುತ್ತಿಲ್ಲ. ನೀನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಬರೆದುಕೊಡುತ್ತಿದ್ದೇನೆ.

ನಂದಾ

*

ಮಾಳಕೊಪ್ಪ
೨೧ ಅಕ್ಟೋಬರ್ ೨೦೨೪

ನಂದಾ,

೧೪ರಂದು ಇಲ್ಲಿ ನಡೆದದ್ದು ನಿನ್ನ ಪರದೆಯಲ್ಲಿ ಕಂಡಿರುವುದಿಲ್ಲ, ಆದ್ದರಿಂದ ಬರೆಯುತ್ತೇನೆ.

ಒಂಬತ್ತಕ್ಕೆ ಪುಟ ತೆರೆದಾಗ ನಾನೇ ನಂಬಲಿಲ್ಲ. ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟೆ. ಮೊದಲು ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿದರು. ಆಮೇಲೆ ಯಲ್ಲೇಶ ತನ್ನ ಫೋನಿನಲ್ಲಿ ನೋಡುತ್ತಾ ಗಟ್ಟಿಯಾಗಿ ಓದಿದ: "ಸಾವಿರದ ನಾಕನೂರಾ ಎರಡು. ತುರ್ತು. ಹಸಿ ಕಾಳು. ಮುಂದೆ ತಂದವರು ಸುಭಾಸ." ಇನ್ನೊಂದು ಓದಿದ. ಮೂವತ್ತೊಂದನ್ನೂ ಓದಿದ.

ಕಾಕಾ ಹನ್ನೊಂದಕ್ಕೆ ಬಂದು ಕಂಪ್ಯೂಟರ್ ಬಂದ್ ಮಾಡು ಎಂದರು. "ಬಂದ್ ಮಾಡಿದ್ರ ಕಾಟಾನೂ ಬಂದ್ ಆಗತೈತ್ರಿ" ಎಂದೆ. ತಾವೇ ಒಳಗೆ ಬರಲು ಹೊರಟರು. ಬಾಗಿಲಿನ ಹೊಸ್ತಿಲ ಮೇಲೆ ಖಾದರಬಿ ಕುಳಿತಿದ್ದಳು. "ಸರಿ ಬೇ ಮುದುಕಿ" ಎಂದರು. ಅವಳು ಸರಿಯಲಿಲ್ಲ. "ನಾ ಪಾಳ್ಯಾಗ ಅದೀನ್ರಿ ಸಾಹುಕಾರ್ರ. ನೀವು ಎಷ್ಟನೇ ನಂಬರು?" ಎಂದು ಕೇಳಿದಳು. ಯಾರೋ ನಕ್ಕರು. ಅವರು ನಕ್ಕವರನ್ನು ಹುಡುಕುತ್ತಾ ನಿಂತರು, ಆಮೇಲೆ ಗಾಡಿ ಹತ್ತಿ ಹೋದರು.

ಮರುದಿನ ಸಹಕಾರ ಇಲಾಖೆಯ ಅಧಿಕಾರಿ ಬಂದು ದಾಖಲೆ ನೋಡಿದರು. ಮೂವತ್ತೊಂದರಲ್ಲಿ ಇಪ್ಪತ್ತೆರಡು ತೂಗಿ ಮುಗಿದಿದ್ದವು, ಅವು ಹೋದವು. ಇನ್ನೂ ಕಾಳು ತಂದಿರದ ಉಳಿದ ಒಂಬತ್ತನ್ನು ತಮ್ಮ ತಮ್ಮ ಜಾಗಕ್ಕೆ ತಿರುಗಿಸಿದರು. "ತುರ್ತು" ಒತ್ತಬೇಕಾದರೆ ಇನ್ನು ಮೊದಲು ತೇವ ಅಳೆಯಬೇಕು. ಕಾಕಾ ನಿರ್ದೇಶಕರಾಗಿಯೇ ಇದ್ದಾರೆ. ನನ್ನ ನೋಟಿಸೂ ಹಾಗೆಯೇ ಇದೆ.

೧೬ರಂದು ನಾನು ಬಂದೆ. ಒಳಗೆ ಬಿಡಲಿಲ್ಲ. ಪಟ್ಟಿ ಎಲ್ಲರ ಫೋನಿನಲ್ಲೂ ತೆರೆಯುತ್ತದಲ್ಲ, ಗೇಟಿನ ಹೊರಗೆ ಬೇವಿನ ಬುಡಕ್ಕೆ ಗೋಣಿಚೀಲ ಹಾಸಿಕೊಂಡು ಕುಳಿತೆ. ಓದಲು ಬಾರದವರು, ಫೋನಿಲ್ಲದವರು ಬಂದು ಕೇಳುತ್ತಾರೆ, ನೋಡಿ ಹೇಳುತ್ತೇನೆ. ಮೊನ್ನೆ ಕಾರ್ಯದರ್ಶಿ ಬಂದು "ಇಲ್ಲಿ ಕುಂದ್ರಾಕ ಪರವಾನಗಿ ಐತೇನು?" ಎಂದರು. "ಬೇವಿನ ನೆಳ್ಳಿಗೆ ಟೋಕನ್ ಬೇಕೇನ್ರಿ?" ಎಂದೆ. ಒಳಗೆ ಹೊಸದಾಗಿ ಬಂದ ಆಪರೇಟರ್ ತಬಸುಮ್ ಮಧ್ಯಾಹ್ನ ಚಹಾ ಕಳಿಸುತ್ತಾಳೆ.

ಖಾದರಬಿಯದು ೧೯ರಂದು ತೂಕವಾಯಿತು. ಮೊಳಕೆ ಒಡೆದ ಚೀಲವನ್ನು ತಿರಸ್ಕರಿಸಿದರು, ಉಳಿದ ಐದು ಹೋದವು. ತಿರಸ್ಕರಿಸಿದ ಚೀಲವನ್ನು ಅವಳು ನನ್ನ ಪಕ್ಕ ಇಳಿಸಿ, "ಉಸಳಿ ಮಾಡಿ ಹಂಚತೀನಿ, ಇವರಿಗೇನ ಗೊತ್ತು ರುಚಿ" ಎಂದಳು.

ನೀನು ಬರೆದುಕೊಟ್ಟದ್ದನ್ನು ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಇಷ್ಟೇ ಹೇಳಬಲ್ಲೆ.

ದುರ್ಗಾ

*

ಹುಬ್ಬಳ್ಳಿ
೧ ನವೆಂಬರ್ ೨೦೨೪

ದುರ್ಗಾ,

ನಿನ್ನೆ ಖರೀದಿ ಮುಗಿಯಿತು ಎಂದು ಆದೇಶ ಬಂತು. ಮಾಳಕೊಪ್ಪದ ಪಾಳಿಯಲ್ಲಿ ಇನ್ನೂ ೧೪೩ ಜನ ಇದ್ದಾರೆ. ಇಪ್ಪತ್ತೇ ಹೆಸರು ಕಾಣುತ್ತಿದ್ದ ದಿನಗಳಾಗಿದ್ದರೆ ಅವರು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಕೊನೆಯ ನಕಲನ್ನು ಅಚ್ಚು ಹಾಕಿ ಕಳಿಸುತ್ತಿದ್ದೇನೆ. ಹೆಸರು, ಊರು, ಟೋಕನ್, ನೋಂದಾಯಿಸಿದ ತಾರೀಖು ಎಲ್ಲ ಇದೆ.

ಅವರು ಜಿಲ್ಲಾಧಿಕಾರಿ ಕಚೇರಿಗೆ ಹೋಗುವುದಾದರೆ ಯಾವತ್ತು ಎಂದು ತಿಳಿಸು. ಈ ಪಟ್ಟಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಉತ್ತರ ಹೇಳಲು ನಾನು ಬರುತ್ತೇನೆ. ಕಂಪನಿಯಲ್ಲಿ ಈ ತಿಂಗಳ ಕೊನೆಯವರೆಗೆ ಮಾತ್ರ ನಾನು ಇರುತ್ತೇನೆ, ಆದ್ದರಿಂದ ಅಲ್ಲಿಯೂ ಅಪ್ಪಣೆ ಕೇಳಬೇಕಾಗಿಲ್ಲ.

ನನ್ನ ಫೋನ್ ನಂಬರು ಕೆಳಗಿದೆ. ಅಳಿಸಬೇಕು ಎನಿಸಿದರೆ ಅಳಿಸು.

ನಂದಾ

*

ಮಾಳಕೊಪ್ಪ
೨೮ ನವೆಂಬರ್ ೨೦೨೪

ನಂದಾ,

ಧಾರವಾಡದಿಂದ ಬಂದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಆದರೂ ಇದನ್ನು ಬರೆದೇ ತಿಳಿಸಬೇಕು ಎನಿಸಿತು.

ಅವತ್ತು ಜಿಲ್ಲಾಧಿಕಾರಿ ಕಚೇರಿಯಲ್ಲಿ ಆ ದೊಡ್ಡ ಅಧಿಕಾರಿ "ಈ ಪಟ್ಟಿ ಅಧಿಕೃತವೇ?" ಎಂದು ಕೇಳಿದಾಗ ನೀನು ಎದ್ದು, "ಹೌದ್ರಿ, ನಾನಽ ಬರದೇನಿ. ತಪ್ಪಿದ್ರ ತೋರಸ್ರಿ" ಎಂದೆಯಲ್ಲ, ಪಕ್ಕದಲ್ಲಿ ಕುಳಿತಿದ್ದ ಅವ್ವ ನನ್ನ ತೊಡೆ ಚಿವುಟಿದಳು. "ಆ ಮಾತು ನಿಂದು, ಆಕಿ ಯಾವಾಗ ಕಲತಳು?" ಎಂದು ದಾರಿಯುದ್ದಕ್ಕೂ ಕೇಳಿದಳು. ನಿನ್ನ ಪತ್ರಗಳ ವಿಷಯ ಅವಳಿಗೆ ಆಗ ಹೇಳಿದೆ. ಒಮ್ಮೆ ಬಂದು ಹೋಗಲಿ ಎಂದು ನಿನ್ನೆ ಹೇಳಿದಳು. ನಾನು ಹೇಳಿಸಿದ್ದಲ್ಲ.

ಉಳಿದ ೧೪೩ ಜನರ ಸಲುವಾಗಿ ಖರೀದಿಗೆ ಎಂಟು ದಿನ ಹೆಚ್ಚಿಗೆ ಕೊಟ್ಟರಲ್ಲ, ಅದರಲ್ಲಿ ಐದೇ ದಿನಕ್ಕೆ ಎಲ್ಲ ಮುಗಿಯಿತು. ಯಾರ ಪಾಳಿ ಯಾವತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಅವತ್ತಿನವರು ಅವತ್ತೇ ಬಂದರು, ತೂಗಿಸಿದರು, ಹೋದರು. ಕೆರೆಯ ಏರಿಯ ಮೇಲೆ ಒಂದೂ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಕೊನೆಯ ಟೋಕನ್ ೨,೩೧೧, ತಂಬೂರಿನ ಕಡೆಯಿಂದ ಬಂದು ಇಲ್ಲಿ ಗೇಣಿಗೆ ಹೊಲ ಮಾಡಿದ ಗಂಗಾ ಎಂಬಾಕೆಯದು. ಅವಳದು ತೂಗಿದ ಮೇಲೆ ತಬಸುಮ್ ಪುಟ ತೆರೆದಳಂತೆ. "ಪಾಳಿಯಲ್ಲಿ ಯಾರೂ ಉಳಿದಿಲ್ಲ" ಎಂದು ಬಂತಂತೆ.

ಮುಂದಿನ ಕಡಲೆ ಹಂಗಾಮಿಗೆ ಆಪರೇಟರ್ ಬೇಕೆಂದು ಸೊಸೈಟಿಯವರು ಪ್ರಕಟಣೆ ಹಚ್ಚಿದ್ದಾರೆ. ತಬಸುಮ್ ಗುಡಗೇರಿಗೆ ಹೋಗುತ್ತಾಳಂತೆ. ನಿನಗೆ ಕೊಡುವುದಿಲ್ಲ, ಅರ್ಜಿ ಯಾಕೆ ಹಾಕುತ್ತಿ ಎಂದು ಓಣಿಯಲ್ಲಿ ಎಲ್ಲರೂ ಅಂದರು. ಸುಭಾಸ ಕಾಕಾ ಅಧ್ಯಕ್ಷರ ಪಕ್ಕದ ಖುರ್ಚಿಯಲ್ಲಿ ಕುಳಿತಿರುವಾಗಲೇ ಇವತ್ತು ಒಳಗೆ ಹೋಗಿ ಅರ್ಜಿ ಕೊಟ್ಟೆ. ಸ್ವೀಕೃತಿಯ ಮೊಹರು ಹಾಕಿ ಒಂದು ಪ್ರತಿ ಕೊಡಿರಿ ಎಂದು ನಿಂತೆ. ಅರ್ಧ ತಾಸು ನಿಲ್ಲಿಸಿದರು. ನಿಂತೆ. ಕೊಟ್ಟರು.

ಅದರ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ, ನಿನ್ನ ಹತ್ತಿರವೂ ಒಂದು ಇರಲಿ. ಒಂಬತ್ತನೇ ಅಂಕಣ ನೋಡು. "ಹಿಂದಿನ ಕೆಲಸ ಬಿಟ್ಟ ಕಾರಣ" ಎಂದು ಕೇಳಿದ್ದಾರೆ. "ವೈಯಕ್ತಿಕ ಅಂತ ಬರಿ" ಎಂದು ಕಾರ್ಯದರ್ಶಿ ಮೆಲ್ಲಗೆ ಹೇಳಿದರು. ಅವರ ಎದುರಿಗೇ, ಅವರದೇ ಪೆನ್ನಿನಿಂದ, ದುಂಡಗೆ ಬರೆದೆ: ರೈತರ ಪೂರ್ತಿ ಪಟ್ಟಿಯನ್ನು ಗೋಡೆಗೆ ಹಚ್ಚಿದ್ದರಿಂದ.

ನಿನ್ನ,
ದುರ್ಗಾ